ಟಿಕ್ ಅಂದ ಮೇಲೂ ಬರುವ ಥಂಡಿ

೬ ಏಪ್ರಿಲ್ ೧೯೮೭, ಸೋಮವಾರ. ಅಣ್ಣಿಗೇರಿ

ಫಿಲ್ಟರ್ ತೊಳೆದೆ. ಫ್ಯಾನಿಗೆ ಎಣ್ಣೆ ಬಿಟ್ಟೆ. ಬೆಲ್ಟು ಸರಿ ಇದೆ. ಊರ ಹೊರಗಿನ ಈ ರೇಷ್ಮೆ ಮರಿ ಕೇಂದ್ರಕ್ಕೆ ತಂಪು ಮಾಡುವ ಮಷಿನ್ ಕೂಡಿಸಿದವನು ನಾನೇ. ಒಂದೂವರೆ ವರ್ಷದ ಮೇಲೆ ಓವರ್‌ಹಾಲ್‌ಗೆ ಕಂಪನಿಯವರು ಮತ್ತೆ ನನ್ನನ್ನೇ ಕಳಿಸಿದ್ದಾರೆ. ಬೇರೆಯವರನ್ನು ಕಳಿಸಿರೆಂದು ಕೇಳಿದ್ದೆ...

ಆಪರೇಟರ್ ಕರಿಸಿದ್ದಪ್ಪ ಹೊಸಬ. ಹೇಳಿಕೊಟ್ಟೆ. ಮೇಲಿನ ಪೆಟ್ಟಿಗೆಯಲ್ಲಿ ಕಾಯಿಲ್, ಅದರೊಳಗೆ ತಣ್ಣೀರು, ಹಿಂದಿನಿಂದ ಫ್ಯಾನ್. ಕೋಣೆ ಇಪ್ಪತ್ತೇಳು ಡಿಗ್ರಿ ದಾಟಿದರೆ ಗೋಡೆಯ ಥರ್ಮೋಸ್ಟಾಟ್ ಟಿಕ್ ಅನ್ನುತ್ತದೆ, ವಾಲ್ವ್ ತೆರೆಯುತ್ತದೆ, ನೀರು ಕಾಯಿಲ್‌ಗೆ ಹರಿಯುತ್ತದೆ. ತಂಪಾದರೆ ಮತ್ತೆ ಟಿಕ್ — ವಾಲ್ವ್ ಬಂದ್. ಫ್ಯಾನ್ ಮಾತ್ರ ನಿಲ್ಲುವುದಿಲ್ಲ. ಮರಿಗಳಿಗೆ ಗಾಳಿ ಆಡುತ್ತಿರಬೇಕು.

"ಟಿಕ್ ಅಂದ ಮ್ಯಾಲೂ ಥಂಡಿ ಬರತೈತ್ರಿ," ಅಂದ.

"ಬರೂದಿಲ್ಲ."

"ಬರತೈತ್ರಿ ಸಾಬ್ರ. ಹೊಳೆಯಪ್ಪ ಬಂದು ಬಿಟ್ಟು ಹೋಗ್ತಾನ. ಅದಕ್ಕ ನಾ ರಾತ್ರಿ ಒಳಗ ಕೆಂಡದ ಶಿಗಡಿ ಇಡತೀನಿ."

ಹೊಳೆಯಪ್ಪ ಇವನಿಗಿಂತ ಮುಂಚಿನ ಆಪರೇಟರ್. ತೀರಿಕೊಂಡು ವರ್ಷವಾಯಿತು.

೭ ಏಪ್ರಿಲ್

ಕೇಂದ್ರದಲ್ಲಿ ಕಸ ಹೊಡೆಯುವವಳು ಮೈಲಾರವ್ವ, ಹೊಳೆಯಪ್ಪನ ಹೆಂಡತಿ. ಇಲ್ಲಿ ಕೆಲಸಕ್ಕಿದ್ದಾಳೆಂದು ಗೊತ್ತಿರಲಿಲ್ಲ. "ಆರಾಮ ಅದೀರೇನ್ರಿ ಮಶಾಕಸಾಬ್ರ?" ಅಂದಳು. ಸ್ಪ್ಯಾನರ್ ಹುಡುಕುವವನ ಹಾಗೆ ಚೀಲದೊಳಗೆ ತಲೆ ಹಾಕಿದೆ.

೮ ಏಪ್ರಿಲ್

ಇದನ್ನು ಎಲ್ಲಿಯೂ ಬರೆದಿಲ್ಲ. ಬರೆಯುತ್ತೇನೆ.

೧೯೮೫ರ ಅಕ್ಟೋಬರ್. ಮೊದಲ ಬ್ಯಾಚು, ನಲವತ್ತು ಮನೆಯವರ ಮರಿ. ಹಗಲು ಬಿಸಿಲು, ನಸುಕಿನಲ್ಲಿ ಚಳಿ. ಮರಿಗಳು ಸೊಪ್ಪು ತಿನ್ನುವುದು ಬಿಟ್ಟವು, ತಟ್ಟೆ ತಟ್ಟೆಯೇ ಸತ್ತವು. ನನ್ನನ್ನು ಕರೆಸಿದರು. "ನಾ ನಾಬ್ ಮುಟ್ಟಿಲ್ರಿ ಸಾಬ್ರ, ರಾತ್ರಿಯೆಲ್ಲಾ ಎಚ್ಚರಿದ್ದೆ. ಥಂಡಿ ನಿಲ್ಲವಲ್ದು. ಮ್ಯಾಲ ಹತ್ತಿ ಒಮ್ಮೆ ನೋಡ್ರಿ," ಅಂದ ಹೊಳೆಯಪ್ಪ. ಥರ್ಮೋಸ್ಟಾಟ್ ತಿರುವಿ ನೋಡಿದೆ. ಟಿಕ್ ಅಂತು. ಬಸ್ಸಿನ ಹೊತ್ತಾಗಿತ್ತು. ಏಣಿ ಹತ್ತಲಿಲ್ಲ.

ರಿಪೋರ್ಟಿನಲ್ಲಿ ಬರೆದೆ — ಯಂತ್ರ ಸರಿ ಇದೆ. ಆಪರೇಟರ್ ನಿದ್ದೆ ಮಾಡಿದ್ದಾನೆ. ಸಹಿ.

ಹೊಳೆಯಪ್ಪನ ಕೆಲಸ ಹೋಯಿತು. ಊರಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲವಂತೆ. ದಿನಾ ನಸುಕಿನಲ್ಲಿ ಬಂದು ಈ ಕಿಟಕಿಯ ಹೊರಗೆ ನಿಲ್ಲುತ್ತಿದ್ದನಂತೆ. ಜ್ವರ ಬಂತು. ಔಷಧಿ ಬೇಡ ಅಂದನಂತೆ.

೯ ಏಪ್ರಿಲ್, ಬೆಳಿಗ್ಗೆ ೫

ನಿನ್ನೆ ಶಿಗಡಿ ಇಡಿಸಲಿಲ್ಲ. ಈಗ ಇಪ್ಪತ್ತೆರಡು ಡಿಗ್ರಿ. ಥರ್ಮೋಸ್ಟಾಟ್ ಯಾವಾಗಲೋ ಬಂದ್ ಆಗಿದೆ. ಆದರೂ ಮೇಲಿನಿಂದ ತಣ್ಣನೆಯ ಗಾಳಿ. ಕೈ ಒಡ್ಡಿದೆ. ಮೈ ಮೇಲೆ ಮುಳ್ಳೆದ್ದವು. ಕರಿಸಿದ್ದಪ್ಪ ಹೆದರಿ ಒಳಗೆ ಬರಲೊಲ್ಲ.

ಕಿಟಕಿಯ ಹೊರಗೆ ಯಾರೋ ನಿಂತಂತೆ... ನೋಡಲಿಲ್ಲ. ನೋಡಲಾಗಲಿಲ್ಲ. ಆಮೇಲೆ ಬಾಗಿಲಲ್ಲಿ ಸಪ್ಪಳ. ಮೈಲಾರವ್ವ, ಕೈಯಲ್ಲಿ ಕಸಬರಿಗೆ.

"ಅವರೂ ಹಿಂಗ ಕೈ ಒಡ್ಡಿ ನಿಂದರತಿದ್ರು," ಅಂದಳು. ಅಷ್ಟೇ. ಕಸ ಹೊಡೆದು ಹೋದಳು.

೧೧ ಏಪ್ರಿಲ್

ಏಣಿ ಹತ್ತಿದೆ. ನಿನ್ನೆಯೇ ಹತ್ತಬೇಕಿತ್ತು, ಮುಂದೂಡಿದೆ.

ವಾಲ್ವಿನ ಬಾಜು ಒಂದು ಸಣ್ಣ ಅಡ್ಡಪೈಪು, ಬೈಪಾಸ್. ಹೊಸ ಪೈಪಿನ ಕಸ ತೊಳೆಯುವಾಗ ನೀರು ವಾಲ್ವ್ ತಪ್ಪಿಸಿ ಹೋಗಲೆಂದು ತೆರೆಯುತ್ತೇವೆ. ತೊಳೆದಾದ ಮೇಲೆ ಬಂದ್ ಮಾಡಬೇಕು. ಪೂರ್ತಿ ತೆರೆದೇ ಇತ್ತು. ವಾಲ್ವ್ ಮುಚ್ಚಿದರೇನು — ನೀರು ಬಾಜುವಿನಿಂದ ಹಗಲೂ ರಾತ್ರಿ ಕಾಯಿಲ್‌ಗೆ ಹರಿಯುತ್ತಿತ್ತು. ಹಿಡಿಕೆಗೆ ಒಂದು ಕೆಂಪು ಚಿಂದಿ. ಬಂದ್ ಮಾಡುವುದನ್ನು ಮರೆಯಬಾರದೆಂದು ನಾನೇ ಕಟ್ಟಿದ್ದು.

ಮೂರೂವರೆ ಸುತ್ತು. ಬಂದ್ ಆಯಿತು.

೧೨ ಏಪ್ರಿಲ್

ನಸುಕಿನಲ್ಲಿ ಇಪ್ಪತ್ತಾರು ಡಿಗ್ರಿ. ಶಿಗಡಿ ಇಲ್ಲದೆ.

"ಹೋದನೇನ್ರಿ ಹೊಳೆಯಪ್ಪ?" ಅಂದ ಕರಿಸಿದ್ದಪ್ಪ. ಅಗದಿ ಖುಷಿಯಿಂದ.

ಕೆಲಸ ಮುಗಿದಿದೆ. ಬಸ್ಸಿದೆ. ಯಾರಿಗೂ ಗೊತ್ತಾಗುವುದಿಲ್ಲ.

೧೫ ಏಪ್ರಿಲ್

ಹೋಗಲಿಲ್ಲ. ಕಂಪನಿಗೂ ರೇಷ್ಮೆ ಇಲಾಖೆಯ ಸಾಹೇಬರಿಗೂ ಬರೆದು ಹಾಕಿದೆ: ತಪ್ಪು ನನ್ನದು, ಆಗಿನ ರಿಪೋರ್ಟ್ ಸುಳ್ಳು. ಕೆಲಸ ಉಳಿಯುವುದಿಲ್ಲ. ಉಳಿಯದಿರಲಿ.

ಮೈಲಾರವ್ವನಿಗೂ ಹೇಳಿದೆ. ಆಕೆ ಕಸಬರಿಗೆ ಗೋಡೆಗೆ ಒರಗಿಸಿಟ್ಟಳು.

"ನನಗ ಹೇಳಿದ್ರ ಏನಾತ್ರಿ? ಅವರು ಮಲಗಿರಲಿಲ್ಲಂತ ನನಗ ಗೊತ್ತಿತ್ತು. ಆ ನಲವತ್ತು ಮನಿಗೆ ಹೇಳಬೇಕಲ್ಲ. ನಡ್ರಿ, ಹೋಗೂಣು."

೧೬ ಏಪ್ರಿಲ್, ಸಂಜೆ

ಹನ್ನೊಂದು ಮನೆ ಆದವು. ಪ್ರತಿ ಮನೆಯಲ್ಲೂ ಅದೇ ಮಾತು, ನಾನು ಅಂಗಳದಲ್ಲಿ ನಿಂತು. ಕೆಲವರು ಬೈದರು. ದುರ್ಗವ್ವ ಎಂಬಾಕೆ ಒಳಗಿನಿಂದ ತಂಬಿಗೆ ನೀರು ತಂದು, ನನ್ನನ್ನು ದಾಟಿ ಹೋಗಿ, ಮೈಲಾರವ್ವನ ಕೈಗೆ ಕೊಟ್ಟಳು. ಒಂದೂವರೆ ವರ್ಷದಲ್ಲಿ ಆ ಮನೆಯ ನೀರು ಮೊದಲ ಸಲವಂತೆ.

ಹನ್ನೆರಡನೆಯದು ಮೈಲಾರವ್ವನದೇ ಮನೆ. ಒಳಗೆ ಅತ್ತೆ ಫಕೀರವ್ವ, ಗೋಡೆಗೆ ಆತು ಕೂತಿದ್ದಳು. ಮಗ ಊರ ಮರಿ ಕೊಂದನೆಂದು, ಅವನು ಸತ್ತ ದಿನವೂ ಅವನ ಹೆಸರು ಹೇಳಿ ಅತ್ತಿರಲಿಲ್ಲವಂತೆ.

ಹೇಳಿದೆ.

"ಹೊಳೆಯಪ್ಪ ನಿದ್ದಿ ಮಾಡಿರಲಿಲ್ಲೇನು?"

"ಇಲ್ಲಬೇ. ಎಚ್ಚರಿದ್ದ."

"ಇನ್ನೊಮ್ಮೆ ಹೇಳು."

ಹೇಳಿದೆ. ಎಷ್ಟು ಸಲವೋ. ಆಮೇಲೆ ನನ್ನ ಬಲಗೈ ಎಳೆದುಕೊಂಡು, ಬೆರಳು ಬೆರಳು ಸವರಿ ನೋಡಿದಳು.

"ಈ ಕೈಯೇನು ಮರ್ತದ್ದು?"

ಹೌದು ಅಂದೆ. ಬಿಡುತ್ತಾಳೆ ಅಂದುಕೊಂಡೆ. ಬಿಡಲಿಲ್ಲ. ಆ ಕೈ ಹಿಡಿದುಕೊಂಡೇ ಮಗನ ಹೆಸರು ಕೂಗಿ ಅಳಲು ಶುರು ಮಾಡಿದಳು. ದೀಪ ಹಚ್ಚುವವರೆಗೂ. ಇನ್ನೂ ಇಪ್ಪತ್ತೆಂಟು ಮನೆ ಇವೆ. ಅದೇ ಕೈಯಲ್ಲಿ ಬರೆಯುತ್ತಿದ್ದೇನೆ.