ಸರಪಳಿಗೊಂದು ಗೇಣು ಜಾಗ

ದೋಣಿಯ ಯಜಮಾನರಿಗೆ,

ಲಂಗರು ಎತ್ತುವ ಮೋಟಾರು ಕೂರಿಸಿದ್ದಕ್ಕೆ ನನ್ನ ತಕರಾರಿಲ್ಲ. ಲಂಗರು ಎಳೆದೆಳೆದು ನಿಮ್ಮ ಸೊಂಟ ಹಿಡಿದಾಗಲೆಲ್ಲ ಎಣ್ಣೆ ತಿಕ್ಕಿದವಳು ನಾನೇ. ಮೋಟಾರು ಎಳೆದ ಲಂಗರಿನ ಸರಪಳಿ ಗುಡ್ಡೆಯಾಗಿ ಸಿಕ್ಕಿಕೊಳ್ಳುತ್ತದೆ, ಅದರ ಗೂಡನ್ನು ದೊಡ್ಡದು ಮಾಡಬೇಕು ಎಂದಿರಿ. ಅದಕ್ಕೂ ತಲೆಯಾಡಿಸಿದೆ. ಆದರೆ ನಿಮ್ಮ ಗೊರಕೆ ತಾಳಲಾರದೆ ನಾನು ನಾವು ಸಂಸಾರ ಹೂಡಿರುವ ದೋಣಿಯ ಮೂತಿಯಲ್ಲಿ, ಆ ಗೂಡಿನ ಪಕ್ಕಕ್ಕೇ ಮಾಡಿಕೊಂಡಿದ್ದ ಮಂಚ ಇದೆಯಲ್ಲ, ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಗೂಡಿನ ಅಡ್ಡಹಲಗೆಯನ್ನು ಕಾಲ್ದೆಸೆಯಿಂದ ಮುಂದಕ್ಕೆ ತಂದು ಅದರ ಮೇಲೇ ನಿಲ್ಲಿಸಿದ್ದೀರಿ! ಕೇಳಿದರೆ, "ಒಂದು ಗೇಣು ತಾನೇ? ಮಂಡಿ ಮಡಚ್ಕೊಂಡ್ರೆ ಆಯ್ತು ಬಿಡು" ಅಂದಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿರಿ. ನಾನೂ ಅಷ್ಟೇ ಚಾಚಿದೆ. ಈಗ ಹಾಸಿಗೆಗೇ ಗರಗಸ ಹಾಕಿದ್ದೀರಿ. ಸರಪಳಿಯ ಅಳತೆಯನ್ನು ಮೇಲಿಂದ ಮೇಲೆ ತೆಗೆದಿರಲ್ಲ, ನನ್ನ ಅಳತೆಯನ್ನು ಒಮ್ಮೆಯಾದರೂ ತೆಗೆದಿರಾ?

ಹಳೆಯ ಸ್ಕ್ರೂ ತೂತುಗಳು ಇನ್ನೂ ಹಾಗೇ ಇವೆ. ಹಲಗೆಯನ್ನು ವಾಪಸ್ ಅಲ್ಲಿಗೇ ಕೂರಿಸಿ. ಗೂಡಿಗೆ ಜಾಗ ಸಾಲದಿದ್ದರೆ ಸರಪಳಿಯನ್ನು ನಿಮ್ಮ ಮಂಚದ ಮೇಲೆ ಮಲಗಿಸಿಕೊಳ್ಳಿ. ಹಲಗೆ ವಾಪಸ್ ಹೋಗುವವರೆಗೆ ನನ್ನ ಮಂಚದಲ್ಲಿ ನೀವೇ ಮಲಗಿ ನೋಡಿ. ನೀವು ನನಗಿಂತ ಒಂದು ಗೇಣು ಉದ್ದ.

ಇಂತಿ,
ಅಕ್ಕನ ಮನೆಯ ನೆಲದ ಮೇಲೆ ಕಾಲು ಚಾಚಿ ಮಲಗಿರುವ
ನಿಮ್ಮ ಹೆಂಡತಿ