ಹೊಗೆ ಹಾಕಿದವರು ಯಾರು

ನೋವೈ, ಮಿಶಿಗನ್
ಅಕ್ಟೋಬರ್ 9, 2005, ಭಾನುವಾರ

ಪ್ರೀತಿಯ ಅತ್ತೆ,

‘ಪೂಜ್ಯ’ ಎಂದು ಶುರುಮಾಡಿದರೆ ಇವಳಿಗೇನೋ ಕೆಲಸವಾಗಬೇಕಿದೆ ಎಂದು ನೀವು ಕನ್ನಡಕವನ್ನು ಮೂಗಿನ ತುದಿಗೆ ಇಳಿಸುತ್ತೀರಿ. ಅದಕ್ಕೇ ‘ಪ್ರೀತಿಯ’ ಎಂದಿದ್ದೇನೆ. ಕೆಲಸವಂತೂ ಇದ್ದೇ ಇದೆ. ಬೆರಳ ಗಂಟುಗಳ ನೋವು ಹೇಗಿದೆ? ಸೀಮೆಸುಣ್ಣ ಹಿಡಿಯಲಾಗದೆ ಈಗ ಟ್ಯೂಷನ್ ಮಕ್ಕಳ ಕೈಯಲ್ಲೇ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತೀರೆಂದು ನಿಮ್ಮ ಮಗಳು ಪದ್ಮ ಫೋನಿನಲ್ಲಿ ಹೇಳಿದಳು. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಇಟ್ಟುಕೊಳ್ಳುವುದನ್ನು ಬಿಡಬೇಡಿ. ನಾವು ಮೂವರೂ ಚೆನ್ನಾಗಿದ್ದೇವೆ. ಎಂಟು ತಿಂಗಳಿಂದ ಪ್ರತಿ ಭಾನುವಾರ ಫೋನಿನಲ್ಲಿ ನಾವಿಬ್ಬರೂ ಹವಾಮಾನವನ್ನಷ್ಟೇ ಮಾತಾಡಿದ್ದೇವೆ, ಅಲ್ಲವೇ? ನಿಮ್ಮ ಮಗ ಪಕ್ಕದಲ್ಲೇ ಕೂತಿರುತ್ತಾರೆ, ನನಗೆ ಬೇರೆ ಮಾತು ಬಾಯಿಗೆ ಬರುವುದಿಲ್ಲ. ಈಗ ಅವರು ನಿಮ್ಮ ಮೊಮ್ಮಗಳು ವಿನಿತಾಳನ್ನು ಕರೆದುಕೊಂಡು ನವರಾತ್ರಿಯ ಪೂಜೆಗೆ ದೇವಸ್ಥಾನಕ್ಕೆ ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ಸುದ್ದಿ ಏನೆಂದರೆ, ನಿಮ್ಮ ಮಗ ನಮ್ಮ ನಡುಮನೆಯ ಇಟ್ಟಿಗೆ ಫೈರ್‌ಪ್ಲೇಸಿಗೆ ಇನ್‌ಸರ್ಟ್ ಹಾಕಿಸುತ್ತಿದ್ದಾರೆ. ಇನ್‌ಸರ್ಟ್ ಎಂದರೆ ಷರಟನ್ನು ಪ್ಯಾಂಟಿನೊಳಗೆ ಸಿಕ್ಕಿಸುವುದು ಎಂದಷ್ಟೇ ನಾನು ತಿಳಿದಿದ್ದೆ. ಫೈರ್‌ಪ್ಲೇಸಿಗೂ ಆಫೀಸಿಗೆ ಹೋಗುವ ಆಸೆ ಬಂತೇ ಎಂದು ನಕ್ಕೆ. ಅದು ಹಾಗಲ್ಲವಂತೆ. ಗಾಜಿನ ಬಾಗಿಲಿರುವ ಒಂದು ಕಬ್ಬಿಣದ ಪೆಟ್ಟಿಗೆ. ಅದನ್ನು ಇಟ್ಟಿಗೆಯ ಗೂಡಿನೊಳಗೆ ತಳ್ಳಿ ಕೂರಿಸಿ, ಚಿಮಣಿಯ ತುದಿಯವರೆಗೂ ಒಂದು ಉಕ್ಕಿನ ಕೊಳವೆ ಇಳಿಸುತ್ತಾರೆ. ಸೌದೆ ಪೆಟ್ಟಿಗೆಯೊಳಗೆ ಉರಿಯುತ್ತದೆ, ಹೊಗೆ ಕೊಳವೆಯಲ್ಲಿ ಹೋಗುತ್ತದೆ, ಬಿಸಿ ಮನೆಗೆ ಬರುತ್ತದೆ. ಈಗಿರುವುದರಲ್ಲಿ ಬೆಂಕಿ ಹಾಕಿದರೆ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆಂದು, ನಾವೆಂದೂ ಉರಿಸಿರದ ಗೂಡನ್ನು ನೋಡಿ, ಇಲ್ಲಿಗೆ ಬಂದ ಮೊದಲ ವಾರವೇ ನೀವು ಹೇಳಿದ್ದಿರಿ. ಸರಿ, ಒಳ್ಳೆಯ ವಸ್ತುವೇ. ಆದರೆ ನನಗೆ ಅನುಮಾನ ಬಂದದ್ದು ವಸ್ತುವಿನ ಮೇಲಲ್ಲ. ಒಂದು ಟೋಸ್ಟರ್ ಕೊಳ್ಳಲು ನಾಲ್ಕು ತಿಂಗಳು ಇಂಟರ್‌ನೆಟ್ಟಿನಿಂದ ಕಾಗದ ಪ್ರಿಂಟ್ ಹಾಕಿದ ಮನುಷ್ಯ ಮೂರು ಶನಿವಾರದಲ್ಲಿ ಮೂರು ಅಂಗಡಿ ಸುತ್ತಿ, ‘ಚಳಿಗಾಲಕ್ಕೆ ಮುಂಚೆ ಆಗ್ಲೇಬೇಕು’ ಎಂದು ಕುಣಿದರೆ ಹೆಂಡತಿಯಾದವಳು ಏನೆಂದುಕೊಳ್ಳಬೇಕು?

ಮೊದಲು ಅಂಗಡಿಯವರನ್ನೇ ಅನುಮಾನಿಸಿದೆ. ಮೊದಲನೆಯವನು ನಮ್ಮ ಮನೆ ಎಷ್ಟು ದೊಡ್ಡದು ಎಂದು ಕೇಳುವ ಮೊದಲೇ ಅತಿ ದೊಡ್ಡ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ದೊಡ್ಡದನ್ನು ಕೊಂಡು, ಸೆಕೆಯಾಗುತ್ತದೆಂದು ಗಾಳಿ ಕಡಿಮೆ ಮಾಡಿ ಉರಿಸಿದರೆ ಸೌದೆ ಹೊಗೆಯಾಡಿ ಚಿಮಣಿಯಲ್ಲಿ ಮಸಿ ಕಟ್ಟುತ್ತದೆಂದು ಎರಡನೆಯ ಅಂಗಡಿಯವನು ಹೇಳಿದ. ಅವನ ಬಳಿ ಸಣ್ಣವು ಮಾತ್ರ ಇದ್ದವು, ಹಾಗಾಗಿ ಅವನನ್ನೂ ನಂಬಲಿಲ್ಲ. ಮೂರನೆಯವನು ಬಿಳಿ ಗಡ್ಡದ ಮುದುಕ. ಅವನು ಏನನ್ನೂ ತೋರಿಸದೆ ಅಳತೆ ಕೇಳಿದ. ನಿಮ್ಮ ಮಗ ಗೂಡಿನ ಮುಂಭಾಗದ ಅಗಲ, ಎತ್ತರ ಎರಡನ್ನು ಮಾತ್ರ ಬರೆದುಕೊಂಡು ಹೋಗಿದ್ದರು. ಗೂಡು ಹಿಂದಕ್ಕೆ ಹೋದ ಹಾಗೆ ಕಿರಿದಾಗುತ್ತದೆ, ಹಿಂಭಾಗದ ಅಗಲ ಮತ್ತು ಆಳ ತನ್ನಿ ಎಂದು ಅವನು ವಾಪಸು ಕಳಿಸಿದ. ಡಿಯರ್‌ಬಾರ್ನಿನ ಆಫೀಸಿನಲ್ಲಿ ಕೂತು ಕಾರಿನ ಬಾಗಿಲನ್ನು ಮಿಲಿಮೀಟರಿನಲ್ಲಿ ಅಳೆಯುವ ಎಂಜಿನಿಯರ್ ಸ್ವಂತ ಮನೆಯ ಒಲೆಯ ಅರ್ಧ ಅಳತೆ ತಂದಿದ್ದರು! ಮುದುಕನ ಮೇಲೆ ನನಗೆ ನಂಬಿಕೆ ಬಂತು.

ಆದರೆ ಅಲ್ಲಿ ನಿಮ್ಮ ಮಗ ಕೇಳಿದ ಪ್ರಶ್ನೆಗಳೇ ವಿಚಿತ್ರವಾಗಿದ್ದವು. ಬಾಗಿಲ ಹಿಡಿಯನ್ನು ಎಷ್ಟು ಜೋರಿನಿಂದ ತಿರುಗಿಸಬೇಕು? ತಗ್ಗು ಮಣೆಯ ಮೇಲೆ ಕೂತವರ ಕೈಗೆ ಎಟುಕುತ್ತದೆಯೇ? ಮೇಲ್ಭಾಗ ಚಪ್ಪಟೆಯೇ, ಅದರ ಮೇಲೆ ಪಾತ್ರೆ ಇಟ್ಟರೆ ಕಾಯುತ್ತದೆಯೇ? ನಮ್ಮ ಮನೆಯಲ್ಲಿ ಹಿಡಿ ತಿರುಗಿಸಲಾಗದವರು ಯಾರಿದ್ದಾರೆ? ನಾನು ಗಟ್ಟಿಮುಟ್ಟಾಗಿಯೇ ಇದ್ದೇನಲ್ಲ. ಇನ್ನೊಂದು ವಿಷಯ. ಕೊಳವೆ ಇಳಿಸಬೇಕಾದರೆ ಚಿಮಣಿಯ ಗಂಟಲಲ್ಲಿರುವ ಹಳೆಯ ಕಬ್ಬಿಣದ ಮುಚ್ಚಳವನ್ನು ಕತ್ತರಿಸಿ ತೆಗೆಯಬೇಕು ಎಂದು ಮುದುಕ ಹೇಳಿದಾಗ, ನಿಮ್ಮ ಮಗ ಥಟ್ಟನೆ ‘ಅದನ್ನ ನೀವೇ ತಗೊಂಡು ಹೋಗಿಬಿಡಿ’ ಎಂದರು. ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇತ್ತು.

ಆ ಮುಚ್ಚಳದ ವಿಷಯ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಅಷ್ಟು ಸುಡುವುದಿಲ್ಲ. ಹೋದ ಸಂಕ್ರಾಂತಿಯ ಬೆಳಿಗ್ಗೆ, ಕರೆಂಟ್ ಒಲೆಯ ಮೇಲೆ ಉಕ್ಕಿದ್ದು ಹಬ್ಬದ ಹಾಲಲ್ಲ ಎಂದು ನೀವು ಫೈರ್‌ಪ್ಲೇಸಿನಲ್ಲಿ ಮೂರು ಇಟ್ಟಿಗೆ ಜೋಡಿಸಿ ಪಾತ್ರೆ ಇಟ್ಟಿರಿ. ‘ಹೊಗೆ ಹೋಗೋ ದಾರಿ ತೆಗ್ದಿದೆಯೇನಮ್ಮಾ?’ ಎಂದು ಕೇಳಿದಿರಿ. ನಾನು ಅಡುಗೆಮನೆಯಿಂದ ಬಗ್ಗಿ, ಆ ಮುಚ್ಚಳವನ್ನು ತೆಗೆದು ಮುಚ್ಚುವ ಹಿಡಿಯನ್ನು ನೋಡಿ, ‘ಹೂಂ ಅತ್ತೆ, ತೆಗ್ದಿದೆ’ ಎಂದೆ. ಹಿಡಿ ತೆಗೆದ ಕಡೆಗೇ ಇತ್ತು. ಹತ್ತು ನಿಮಿಷದಲ್ಲಿ ನಡುಮನೆಯೆಲ್ಲ ಹೊಗೆ, ಅಲಾರಂ ಕೂಗು, ಬೀದಿಯಲ್ಲಿ ಫೈರ್ ಇಂಜಿನ್ನು. ನೀವು ಸೀರೆಯ ಮೇಲೆ ಸ್ವೆಟರ್ ಹಾಕಿ ಕಾಲುಚೀಲದಲ್ಲೇ ಹಿಮದಲ್ಲಿ ನಿಂತಿದ್ದಿರಿ. ನಿಮ್ಮ ಮಗ ಆಫೀಸಿನಿಂದ ಓಡಿಬಂದು ಆ ಯೂನಿಫಾರ್ಮಿನವರಿಗೆ ‘ಸಾರಿ, ಮೈ ಮದರ್ ಡಸಂಟ್ ನೋ ದೀಸ್ ಥಿಂಗ್ಸ್’ ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರಿಗೆ ಇಂಗ್ಲಿಷ್ ಬರುತ್ತದೆಂದು ಮಗನಿಗೆ ಆ ಕ್ಷಣ ಮರೆತುಹೋಗಿತ್ತು. ನೀವು ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. ಟಿಕೆಟನ್ನು ಮುಂಚಿನ ತಾರೀಖಿಗೆ ಬದಲಿಸಿಕೊಂಡು ಮೂರೇ ವಾರದಲ್ಲಿ ಊರಿಗೆ ಹೊರಟೇಬಿಟ್ಟಿರಿ.

ನೀವು ಯಾರಿಗೂ ಏನೂ ಹೇಳಲಿಲ್ಲ ಎಂದು ಪದ್ಮ ಆಣೆ ಇಟ್ಟು ಹೇಳುತ್ತಾಳೆ, ನಾನೂ ನಂಬುತ್ತೇನೆ. ಆದರೂ ಮೈಸೂರಿನ ಬಂಧುಗಳೆಲ್ಲ ಹೇಳಿಕೊಳ್ಳುತ್ತಿರುವುದು ನನ್ನ ಕಿವಿಗೂ ಬಿತ್ತು: ಛಾಯಾ ಸೊಳ್ಳೆಗೆ ಹಾಕಿದ ಹಾಗೆ ಅತ್ತೆಗೆ ಹೊಗೆ ಹಾಕಿ ಓಡಿಸಿದಳಂತೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆ ಬೇರೆ ಜೊತೆಗೆ. ಎಂಟು ತಿಂಗಳಿಂದ ಆ ಮಾತು ನನ್ನನ್ನು ಕೊರೆಯುತ್ತಿದೆ ಅತ್ತೆ. ತೆಗೆದಿದೆ ಎಂದು ನಾನು ಬೇಕೆಂದೇ ಸುಳ್ಳು ಹೇಳಿದೆ ಎಂದು ನೀವೂ ಅಂದುಕೊಂಡಿದ್ದೀರೇನೋ ಎಂಬುದು ಅದಕ್ಕಿಂತ ದೊಡ್ಡ ನೋವು.

ಮೊನ್ನೆ ಗುರುವಾರ ಚಿಮಣಿ ನೋಡಲು ಆ ಮುದುಕ ಬಂದ. ಶನಿವಾರ ಬರಬೇಕಾಗಿತ್ತು, ಬಿಡುವಾಯಿತೆಂದು ಮೊದಲೇ ಬಂದ, ನಿಮ್ಮ ಮಗ ಮನೆಯಲ್ಲಿರಲಿಲ್ಲ. ಗೂಡಿನೊಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ ನನ್ನನ್ನೂ ಬಗ್ಗಿಸಿ ತೋರಿಸಿದ. ಹಿಡಿಗೂ ಮುಚ್ಚಳಕ್ಕೂ ನಡುವಿನ ಸರಳು ತುಕ್ಕು ಹಿಡಿದು ಕಳಚಿಹೋಗಿದೆ. ಹಿಡಿಯನ್ನು ಯಾವ ಕಡೆಗೆ ಎಳೆದರೂ ಮುಚ್ಚಳ ಮುಚ್ಚಿಯೇ ಇರುತ್ತದೆ. ಈ ತುಕ್ಕು ಒಂದೆರಡು ವರ್ಷದ್ದಲ್ಲ ಎಂದ. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು, ಮಸಿಯ ದೂಳು ಎಂದು ಒರೆಸಿಕೊಂಡೆ. ಮನೆ ಕಟ್ಟಿದ ವರ್ಷ ಯಾವುದು ಎಂದು ಅವನು ಕೇಳಿದ್ದಕ್ಕೆ ಮನೆಯ ಫೈಲು ತೆಗೆದೆ. ಅದರಲ್ಲಿ 2001ರಲ್ಲಿ, ಕೊಳ್ಳುವ ಮುಂಚೆ, ಇನ್‌ಸ್ಪೆಕ್ಟರ್ ಮನೆಯನ್ನು ಪರೀಕ್ಷಿಸಿ ಕೊಟ್ಟ ವರದಿ ಸಿಕ್ಕಿತು. ಎರಡನೆಯ ಪುಟದಲ್ಲಿ ಅಚ್ಚಾಗಿ ಕೂತಿತ್ತು: ಚಿಮಣಿ ಮುಚ್ಚಳಕ್ಕೂ ಹಿಡಿಗೂ ಸಂಪರ್ಕ ತಪ್ಪಿದೆ, ರಿಪೇರಿಯಾಗುವವರೆಗೆ ಬೆಂಕಿ ಹಾಕಬಾರದು.

ಸಂಜೆ ಅದನ್ನು ನಿಮ್ಮ ಮಗನ ತಟ್ಟೆಯ ಪಕ್ಕ ಇಟ್ಟೆ. ಸಾರು ಕಲಸಿದ ಕೈ ಹಾಗೇ ನಿಂತಿತು. ‘ಗೊತ್ತಿತ್ತು. ಮರ್ತೇಹೋಗಿತ್ತು. ಅವತ್ತು ಫೈರ್ ಇಂಜಿನ್ ನೋಡಿದ್ಮೇಲೆ ನೆನಪಾಯ್ತು. ಅಷ್ಟ್ಹೊತ್ತಿಗೆ ಅಮ್ಮಂಗೆ ಆ ಮಾತು ಅಂದ್ಬಿಟ್ಟಿದ್ದೆ’ ಎಂದರು. ಅಂದರೆ ಎಂಟು ತಿಂಗಳು ನೀವು ನನ್ನ ಮೇಲೆ, ನಾನು ನಿಮ್ಮ ಮೇಲೆ ಅನುಮಾನ ಪಟ್ಟುಕೊಂಡು ಹವಾಮಾನ ಮಾತಾಡುತ್ತಿದ್ದಾಗ ಈ ಮಹಾರಾಯರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನನಗೆ ಬಂದ ಸಿಟ್ಟಿಗೆ ಎರಡು ದಿನ ಅವರನ್ನು ಬೈದದ್ದೇ ಬೈದದ್ದು. ಮೂರನೆಯ ದಿನ, ಅಂದರೆ ನಿನ್ನೆ, ಅಂಗಡಿಯಲ್ಲಿ ಕೇಳಿದ ಆ ಬಾಗಿಲ ಹಿಡಿ ಯಾರ ಬೆರಳಿಗೆ, ಆ ಮಣೆ ಯಾರಿಗೆ, ಆ ಪಾತ್ರೆ ಯಾವ ಹಾಲಿಗೆ ಎಂದು ಹೊಳೆಯಿತು. ತಪ್ಪಾಯಿತು ಎನ್ನುವ ಎರಡು ಕ್ಷಣದ ಕೆಲಸಕ್ಕೆ ಈ ಗಂಡಸರು ಎರಡು ಕ್ವಿಂಟಾಲ್ ಕಬ್ಬಿಣ ಹೊರಿಸುತ್ತಾರೆ.

ಕೊನೆಗೆ ಪೆಟ್ಟಿಗೆ ಆರಿಸಿದ್ದು ನಾನೇ. ಗೋಡೆಗೆ ಸಮನಾಗಿ ಕೂರುವ ಚೆಂದದ್ದೊಂದಿತ್ತು. ಅದು ಬೇಡ, ಎಂಟು ಅಂಗುಲ ಹೊರಗೆ ಚಾಚುವುದೇ ಇರಲಿ ಎಂದೆ. ಅದರ ನೆತ್ತಿಯ ಮೇಲೆ ಪಾತ್ರೆ ಇಡಬಹುದು, ಕರೆಂಟ್ ಹೋಗಿ ಬಿಸಿಗಾಳಿ ಊದುವ ಒಳಗಿನ ಫ್ಯಾನ್ ನಿಂತರೂ ಬಿಸಿ ಕೊಡುತ್ತದೆ. ನಡುಮನೆಯಲ್ಲಿ ಓಡಾಡುವಾಗ ಮೊಣಕಾಲಿಗೆ ತಗಲುತ್ತದೆ, ತಗಲಲಿ. ನವೆಂಬರ್ ಎರಡನೆಯ ವಾರ ಕೂರಿಸುತ್ತಾರೆ. ಪಕ್ಕದ ಮನೆಯವರ ಆಶ್ ಎಂಬ ಮರ ಹುಳ ಬಿದ್ದು ಸತ್ತಿತ್ತು, ಹೋದ ವರ್ಷವೇ ಸೀಳಿಟ್ಟಿದ್ದಾರೆ, ಸೌದೆ ಚೆನ್ನಾಗಿ ಒಣಗಿದೆ. ವಿನಿತಾ ದಿನವೂ ‘ಈಸ್ ಅಜ್ಜಿ ಕಮಿಂಗ್ ಆರ್ ನಾಟ್?’ ಎಂದು ಕೇಳುತ್ತಾಳೆ. ಉತ್ತರ ನೀವೇ ಬರೆದು ಕಳಿಸಿ.

ಈ ಕಾಗದವನ್ನು ಪದ್ಮಳಿಗೆ ಗಟ್ಟಿಯಾಗಿ ಓದಿ ಹೇಳಿ. ಅವಳಿಂದ ಬಂಧುಗಳಿಗೂ ತಲುಪಲಿ, ಹೊಗೆ ಹಾಕಿದವರು ಯಾರೆಂದು ಎಲ್ಲರಿಗೂ ತಿಳಿಯಲಿ. ಪದ್ಮಳ ಮಕ್ಕಳಿಗೆ ನನ್ನ ಮುದ್ದು. ನಿಮ್ಮ ಕಾಲಿಗೆ ಇಲ್ಲಿಂದಲೇ ಬಗ್ಗುತ್ತೇನೆ, ಒಮ್ಮೆ ಬೆನ್ನು ತಟ್ಟಿ.

ನಿಮ್ಮ ಸೊಸೆ,
ಛಾಯಾ

ತಾ.ಕ.: ಲೈಬ್ರರಿಯ ಕೌಂಟರಿನಲ್ಲಿ ನಿಂತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಸಾಕ್ಷಿ ಇರಲಿ ಎಂದು ಆ ವರದಿಯ ಜೆರಾಕ್ಸ್ ಮಾಡಲು ತಂದಿದ್ದೆ. ಒಟ್ಟು ನಾಲ್ಕು ಪುಟ. ಮೊನ್ನೆ ನಾನು ಎರಡನೆಯದಕ್ಕೇ ನಿಲ್ಲಿಸಿದ್ದೆ. ನಾಲ್ಕನೆಯದರ ಕೊನೆಗೆ ‘ಮೇಲಿನದನ್ನೆಲ್ಲ ಓದಿ ತಿಳಿದಿದ್ದೇವೆ’ ಎಂದಿದೆ, ಅದರ ಕೆಳಗೆ ಎರಡು ಸಹಿ. ಮೊದಲನೆಯದು ನಿಮ್ಮ ಮಗನದು, ಎರಡನೆಯದು ನನ್ನದು. ಓದದೆ ಹಾಕಿದ್ದೇನೆ ಅತ್ತೆ, ಆದರೆ ಹಾಕಿದ್ದೇನೆ. ನಿಮ್ಮ ಮಗನಿಗೆ ಇದು ಗೊತ್ತೇ ಇತ್ತು. ಎರಡು ದಿನ ನನ್ನ ಬೈಗುಳ ತಿಂದರೂ ಬಾಯಿಬಿಡಲಿಲ್ಲ. ಮೂರು ಪುಟ ಮಾತ್ರ ಕಳಿಸಬಹುದಿತ್ತು. ನಾಲ್ಕನ್ನೂ ಇಟ್ಟಿದ್ದೇನೆ. ಪದ್ಮಳಿಗೆ ಇದನ್ನೂ ಓದಿ. ತಪ್ಪಾಯಿತು. ಬನ್ನಿ.