ಏಣಿ ಎಳೆದವಳು

14-6-1983, ಮಂಗಳವಾರ. ತಾಳವಾಡಿ.

ರಾಚಮ್ಮನ ಕೂಗು ಇನ್ನೂ ಕಿವಿಯಲ್ಲಿದೆ.

ಪೇಟೆಯ ನಮ್ಮ ಹಳೇ ರಾಗಿಮಂಡಿಗೆ ಅಡ್ಡಗೋಡೆ ಹಾಕಿಸಿ ನಮ್ಮ ಯಜಮಾನರು ಎಂಟು ಬಾಡಿಗೆ ರೂಮು ಮಾಡಿಸಿದ್ದರು. ಈಗ ಯಾವುದೋ ಆಫೀಸಿನವರು ಎರಡರಷ್ಟು ಬಾಡಿಗೆ ಕೊಡುತ್ತಾರೆಂದು, ಇಡ್ಲಿ ಮಾರುವ ರಾಚಮ್ಮನಿಗೆ ರೂಮು ಬಿಡು ಅಂದರು. ಅವಳು ಒಪ್ಪಲಿಲ್ಲ. ಇವತ್ತು ಬೆಳಿಗ್ಗೆ ಇವರೇ ಹಿತ್ತಲಲ್ಲಿ ಏಣಿ ಹಾಕಿ, ಅವಳ ರೂಮಿನ ಹೆಂಚು ಕಿತ್ತು ಒಳಕ್ಕೆ ಎಸೆಯತೊಡಗಿದರು. ಒಂದು ಹೆಂಚು ಅವಳ ಹಣೆ ಸೀಳಿತು. ರಕ್ತ ಒರೆಸಿಕೊಳ್ಳುತ್ತ ಹಿತ್ತಲಿಗೆ ಓಡಿಬಂದು, “ಬುಡಣ್ಣೋ, ಸತ್ತೋಯ್ತೀನಿ!” ಅಂತ ಚೀರಿದಳು.

ಇವರು ಅವಳ ತಲೆಗೇ ಗುರಿಯಿಟ್ಟು ಇನ್ನೊಂದು ಹೆಂಚು ಎತ್ತಿದರು. ಕೆಳಗೆ ನಿಂತಿದ್ದ ನಾನು ಎರಡೂ ಕೈಯಲ್ಲಿ ಏಣಿ ಹಿಡಿದು ಎಳೆದೆ. ಒಗೆಯುವ ಕಲ್ಲಿನ ಮೇಲೆ ಬಿದ್ದರು. ಕಾಲಿನ ಮೂಳೆ ಮುರಿದ ಸದ್ದು ಕೇಳಿಸಿತು. ಆ ಕ್ಷಣ ನನಗೆ ಸಂತೋಷವಾಯಿತು. ಇಲ್ಲಿ ಸುಳ್ಳು ಯಾಕೆ ಬರೆಯಲಿ.

ಮೈದುನ ಚಿಕ್ಕಬಸಪ್ಪ ಓಡಿಬಂದ. ಇವರು, “ರಾಚಿ ಏಣಿ ಎಳುದ್ಬುಟ್ಲು ಕಣ್ಲಾ” ಅಂದರು. ಅವನು ಅವಳ ಜುಟ್ಟು ಹಿಡಿದು ಬೀದಿಗೆ ಎಳೆದೊಯ್ದು, ಬಾರುಕೋಲು ಮುರಿಯುವ ತನಕ ಹೊಡೆದ. ಅವಳ ಪಾತ್ರೆಗಳನ್ನೆಲ್ಲ ಚರಂಡಿಗೆ ಎಸೆದ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ.

ಸಂಜೆ, ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಇವರ ಹತ್ತಿರ ಹೋಗಿ, “ಏಣಿ ಎಳ್ದವ್ಳು ನಾನು” ಅಂದೆ.

“ಗೊತ್ತು ಕಣಮ್ಮಿ. ಮ್ಯಾಲಿಂದ ನೋಡ್ನಲ್ಲ” ಅಂದರು. “ರೂಮು ಖಾಲಿ ಆಯ್ತಲ್ಲ, ಸುಮ್ಕಿರು.”

ಈಗ ನೀರು ಕೇಳುತ್ತಿದ್ದಾರೆ. ಏಳಲು ಮನಸ್ಸಿಲ್ಲ. ನಾಳೆ ಬೆಳಿಗ್ಗೆ ಪೇಟೆಯವರ ಮುಂದೆ ನಿಂತು ನಿಜ ಹೇಳಲೇಬೇಕು. ಹೇಳಿದ ಮೇಲೆ ಈ ಮನೆಯಲ್ಲಿ ನನ್ನನ್ನು ಇಟ್ಟುಕೊಳ್ಳಲಿಕ್ಕಿಲ್ಲ.